ನಮ್ಮ ವಾರ್ಡಿನ ಹೊಗೆ ಲೆಕ್ಕ, ಹೊಳೆ ಲೆಕ್ಕ

"ನಮ್ಮದು ಜೋಗದ ಕರೆಂಟ್ ಸ್ವಾಮಿ, ಅದರಲ್ಲಿ ಹೊಗೆ ಎಲ್ಲಿಂದ ಬಂತು?"

ನಮ್ಮ ವಾರ್ಡಿನಿಂದ ಎಷ್ಟು ಇಂಗಾಲದ ಹೊಗೆ ಹೋಗುತ್ತದೆ, ಹೊಳೆ ಏರಿದರೆ ಏನು ಮಾಡಬೇಕು ಎಂದು ಒಂದು ಹವಾಮಾನ ಯೋಜನೆ ಮಾಡಲು ಹೊರಟಿದ್ದೆವು. ಮೊದಲ ಸಭೆಯಲ್ಲೇ ಈ ಪ್ರಶ್ನೆ ಎದ್ದಿತು. ಕೇಳಿದವರು ನಿವೃತ್ತ ಮೇಷ್ಟ್ರು. ಲಿಂಗನಮಕ್ಕಿ ಅಣೆಕಟ್ಟೆಗಾಗಿ ಊರು ಮುಳುಗಿಸಿಕೊಂಡು ಶಿವಮೊಗ್ಗದ ಕಡೆ ಬಂದ ಮನೆತನ ಅವರದು. ಅಂಥವರ ಎದುರು ನಿಂತು, ನಿಮ್ಮ ಮನೆಯ ದೀಪದಲ್ಲೂ ಕಲ್ಲಿದ್ದಲಿನ ಪಾಲಿದೆ ಎನ್ನಬೇಕಾಗಿತ್ತು.

ನನ್ನ ಕಸುಬು ಎನರ್ಜಿ ಆಡಿಟ್. ಅಕ್ಕಿ ಗಿರಣಿ, ಸಣ್ಣ ಕಾರ್ಖಾನೆಗಳಿಗೆ ಹೋಗಿ ಕರೆಂಟ್ ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕಿ ಕೊಡುವುದು. ತುಂಗಾ ಹೊಳೆಗೆ ಹತ್ತಿರದ ನಮ್ಮ ವಾರ್ಡಿನ ನಿವಾಸಿಗಳ ಸಂಘದವರು, "ಇಡೀ ನಗರದ ಯೋಜನೆ ಆದಾಗ ಆಗಲಿ, ನಮ್ಮ ವಾರ್ಡಿನದ್ದನ್ನು ನಾವೇ ಮಾಡೋಣ" ಎಂದಾಗ ಒಪ್ಪಿಕೊಂಡೆ. ಗಿರಣಿಯ ಬದಲು ವಾರ್ಡು, ಅಷ್ಟೇ ತಾನೇ ಎಂದುಕೊಂಡಿದ್ದೆ.

ಮೇಷ್ಟ್ರಿಗೆ ಕೊಟ್ಟ ಉತ್ತರ ಇದು. 2013ರ ಡಿಸೆಂಬರ್ 31ರಂದು ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಂದಿಗೆ ಕೂಡಿಕೊಂಡಿತು. ಶರಾವತಿಯ ನೀರು ತಿರುಗಿಸಿದ ಕರೆಂಟೂ ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟ ಕರೆಂಟೂ ಒಂದೇ ತಂತಿಯಲ್ಲಿ ಬರುತ್ತವೆ. ನಮ್ಮ ಮನೆಗೆ ಬಂದದ್ದು ಇದು, ಪಕ್ಕದ ಮನೆಗೆ ಹೋದದ್ದು ಅದು ಎಂದು ಬೇರ್ಪಡಿಸಲು ಬರುವುದಿಲ್ಲ. ದೇಶದ ಸರಾಸರಿ ಹಿಡಿದರೆ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ತಿಂಗಳಿಗೆ 110 ಯೂನಿಟ್ ಬಳಸುವ ಮನೆಯ ಪಾಲಿಗೆ 77 ಕಿಲೋ. "ಕರ್ನಾಟಕದ ನೀರು, ಗಾಳಿ, ಬಿಸಿಲನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ?" ಎಂದರು ಮೇಷ್ಟ್ರು. ಕಡಿಮೆ ಬರುತ್ತದೆ, ನಿಜ. ಆದರೂ ಬೇರೆ ಊರಿನವರ ಲೆಕ್ಕದ ಪಕ್ಕ ನಮ್ಮದನ್ನು ಇಡಲು ಬರಬೇಕು ಎಂದು ದೇಶದ ಸರಾಸರಿಯನ್ನೇ ಇಟ್ಟುಕೊಂಡೆವು. ಮೇಷ್ಟ್ರು ಈಗಲೂ ಪೂರ್ತಿ ಒಪ್ಪಿಲ್ಲ.

ಮೊದಲ ಎರಡು ತಿಂಗಳು ಹೋದದ್ದು ಆರ್‌ಆರ್ ನಂಬರ್‌ಗಳ, ಅಂದರೆ ಒಂದೊಂದು ಕರೆಂಟ್ ಸಂಪರ್ಕಕ್ಕೂ ಇರುವ ಸಂಖ್ಯೆಗಳ, ಪಟ್ಟಿ ಮಾಡುವುದರಲ್ಲಿ. ಬೀದಿದೀಪ, ನೀರಿನ ಪಂಪು, ಅಂಗನವಾಡಿ, ಸಮುದಾಯ ಭವನ, ಒಂದೊಂದಕ್ಕೂ ಒಂದು ಮೀಟರು. ಒಂದು ಪಂಪಿನ ಮೀಟರನ್ನು ನಾನೇ ಎರಡು ಸಲ ಬರೆದುಕೊಂಡಿದ್ದೆ. ಮೊತ್ತ ವಿಪರೀತ ಬಂದು ರಾತ್ರಿಯಿಡೀ ತಲೆ ಕೆಡಿಸಿಕೊಂಡೆ. ಅದು ಸರಿಯಾದ ಮೇಲೂ ಪಂಪೇ ಮೇಲೆ ನಿಂತಿತು. ಸಾವಿರ ಲೀಟರ್ ನೀರನ್ನು 50 ಮೀಟರ್ ಎತ್ತರಕ್ಕೆ ಏರಿಸಲು ಸೂತ್ರದ ಪ್ರಕಾರ 0.14 ಯೂನಿಟ್ ಸಾಕು. ಇಂಪೆಲ್ಲರ್, ಅಂದರೆ ಒಳಗೆ ನೀರು ತಳ್ಳುವ ಚಕ್ರ, ಸವೆದ ಹಳೆಯ ಪಂಪು ಅದರ ಎರಡು ಮೂರು ಪಟ್ಟು ತಿನ್ನುತ್ತದೆ. ಹಾಗೆ ಏರಿಸಿದ ನೀರು ಸಡಿಲ ವಾಲ್ವಿನಲ್ಲಿ ಸೋರಿ ಚರಂಡಿ ಸೇರಿದರೆ ಅಷ್ಟೂ ಕರೆಂಟ್ ಚರಂಡಿಗೇ. ನಮ್ಮ ವಾಲ್ವ್‌ಮನ್ ಬೆಳಗಿನ ಜಾವ ಬೀದಿ ತಣ್ಣಗಿದ್ದಾಗ ಕಬ್ಬಿಣದ ಕೋಲನ್ನು ಪೈಪಿಗೆ ಊರಿ ಇನ್ನೊಂದು ತುದಿಗೆ ಕಿವಿ ಕೊಟ್ಟು ಸೋರಿಕೆ ಹುಡುಕುತ್ತಾರೆ. ನನ್ನ ಬಳಿ ಇದ್ದ ಯಾವ ಉಪಕರಣವೂ ಅವರ ಕಿವಿಯಷ್ಟು ಕೆಲಸಕ್ಕೆ ಬರಲಿಲ್ಲ. ಅಂದ ಹಾಗೆ, ಮೋಟರು ಮಾಡುವ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟ್ ಎಳೆದರೆ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ದಂಡ ಬೀಳುತ್ತದೆ; ಪಂಪುಗಳಿಗೆ ಅದನ್ನು ಸರಿದೂಗಿಸುವ ಕೆಪಾಸಿಟರ್ ಕೂರಿಸಿದ್ದರಿಂದ ಆ ದಂಡ ತಪ್ಪಿತು, ಬಿಲ್ಲು ಇಳಿಯಿತು. ಅದನ್ನು ಹೊಗೆ ಕಡಿತ ಎಂದು ಪಟ್ಟಿಗೆ ಸೇರಿಸಬೇಕೆಂದು ಒಬ್ಬರು ಹಟ ಹಿಡಿದರು. ಇಳಿದದ್ದು ದುಡ್ಡು, ಯೂನಿಟ್ ಬಹುಮಟ್ಟಿಗೆ ಅಷ್ಟೇ ಇತ್ತು. ಸೇರಿಸಲಿಲ್ಲ.

ವಾಹನಗಳ ಲೆಕ್ಕ ಇವತ್ತಿಗೂ ಅರೆಬರೆಯೇ. ಪೆಟ್ರೋಲ್ ಲೀಟರಿಗೆ 2.3 ಕಿಲೋ, ಡೀಸೆಲ್ಲಿಗೆ 2.7 ಕಿಲೋ ಎನ್ನುವುದೇನೋ ಸುಲಭ. ಆದರೆ ಬಂಕಿನಲ್ಲಿ ಮಾರಿದ್ದೆಲ್ಲ ನಮ್ಮದಲ್ಲ. ಜೋಗಕ್ಕೆ, ಸಿಗಂದೂರಿಗೆ ಹೋಗುವವರೂ ಇಲ್ಲೇ ಟ್ಯಾಂಕ್ ತುಂಬಿಸುತ್ತಾರೆ. ಕಾಲೇಜು ಹುಡುಗರನ್ನು ಕರೆದುಕೊಂಡು ವೃತ್ತದಲ್ಲಿ ನಿಂತು ಎಣಿಸಿದ್ದಾಯಿತು. ಮೂರನೆಯ ದಿನ ಮಳೆ ಬಂತು, ಎಣಿಕೆ ನಿಂತಿತು.

ನಾನು ಚೆನ್ನಾಗಿ ಸೋತದ್ದು ಹಸಿ ಕಸದಲ್ಲಿ. ರಸ್ತೆ ಬದಿಯಲ್ಲಿ ಅಡಿಕೆ ಸಿಪ್ಪೆ ಸುಡುವ ಹೊಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಉಸಿರಿಗೆ ಅದು ಕೆಟ್ಟದ್ದೇ, ಆದರೆ ಈ ಲೆಕ್ಕದಲ್ಲಿ ಅದರ ಪಾಲು ಸಣ್ಣದು. ಕಣ್ಣಿಗೆ ಬೀಳದೆ ಕಸದ ರಾಶಿಯ ಅಡಿಯಲ್ಲಿ ಗಾಳಿಯಾಡದೆ ಕೊಳೆಯುವ ಅನ್ನ, ಬಾಳೆ ದಿಂಡು, ತರಕಾರಿ ಸಿಪ್ಪೆಯಿಂದ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಹಾಗಾಗಿ ವಾರ್ಡಿನಲ್ಲೇ ಗೊಬ್ಬರ ಮಾಡೋಣ ಎಂದು ಪಾರ್ಕಿನ ಮೂಲೆಯಲ್ಲಿ ತೊಟ್ಟಿ ಕಟ್ಟಿಸಿದೆ. ಏಪ್ರಿಲ್‌ನಲ್ಲಿ ಶುರು ಮಾಡಿದ್ದು ಮೇ ತಿಂಗಳಲ್ಲಿ ಚೆಂದವಾಗಿತ್ತು. ಜುಲೈ ಹೊತ್ತಿಗೆ ಕಪ್ಪು ರಸ ಕಾಲುದಾರಿಗೆ ಹರಿದು, ಹುಳ ಬಿದ್ದು, ವಾಸನೆಗೆ ಪಾರ್ಕಿಗೆ ಯಾರೂ ಬಾರದಂತಾಯಿತು. ಗಾಳಿಯಾಡದ ರಾಶಿಯಿಂದ ತಪ್ಪಿಸಲು ಹೊರಟವನು ಅಂಥದ್ದೇ ಒಂದನ್ನು ಮನೆ ಬಾಗಿಲಿಗೆ ತಂದಿದ್ದೆ.

ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬರು ಮೂಗಿಗೆ ಸೆರಗು ಹಿಡಿದು ಬಂದು ನೋಡಿದರು. "ಬೇಸಿಗೆಯಲ್ಲಿ ದರಗು ಗುಡಿಸಿ ಇಟ್ಟುಕೊಂಡಿದ್ದೀಯಾ?"

"ಇಲ್ಲ ಅಜ್ಜಿ."

"ದರಗಿಲ್ಲದೆ ಮಳೆಗಾಲದಲ್ಲಿ ಗೊಬ್ಬರ ಮಾಡಲು ಹೊರಟಿದ್ದೀಯಲ್ಲ ಮಾರಾಯ!"

ಕೊಟ್ಟಿಗೆಗೆ ಹಾಸಲು ಮಲೆನಾಡಿನವರು ಒಣ ಎಲೆ ಗುಡಿಸಿಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಎಂಜಿನಿಯರಿಂಗ್ ಓದುವಾಗ ಎಲ್ಲೋ ಮರೆತಿರಬೇಕು. ಹಸಿ ಕಸ ಒಂದು ಬುಟ್ಟಿಯಾದರೆ ಒಣ ಎಲೆ ಎರಡು ಬುಟ್ಟಿ, ಮೇಲೊಂದು ತಗಡಿನ ಮಾಡು. ಈಗ ಫೆಬ್ರುವರಿ ಬಂತೆಂದರೆ ಬೀದಿ ಮರಗಳ ಎಲೆ ಮೂಟೆ ಕಟ್ಟಿ ಸಮುದಾಯ ಭವನದ ಅಟ್ಟ ತುಂಬಿಸುತ್ತೇವೆ. ಮದುವೆಗೆ ಭವನ ಹಿಡಿದವರು ಗೊಣಗುತ್ತಾರೆ.

ಇದೆಲ್ಲ ಹೊಗೆಯ ಕಥೆ. ನೀರಿನದ್ದು ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಶಿವಮೊಗ್ಗ ನಗರದಲ್ಲಿ ಅದರ ಕಾಲುಭಾಗವೂ ಇಲ್ಲ. ಆದರೆ ಘಟ್ಟದಲ್ಲಿ ಸುರಿದದ್ದು ಇಳಿದು ಬರುವುದು ನಮ್ಮ ಊರಿಗೇ. ನಡುವೆ ಗಾಜನೂರು ಅಣೆಕಟ್ಟೆ ಇದೆ ಎಂಬ ಧೈರ್ಯ ಬೇಡ. ಅದು ಹಿಡಿಯುವುದು ಮೂರು ಟಿಎಂಸಿ ಚಿಲ್ಲರೆ, ತುಂಬಿದ ಮೇಲೆ ಬಂದದ್ದನ್ನು ಬಂದ ಹಾಗೇ ಬಿಡಬೇಕು. ಹೊಳೆಯ ನಡುವಿನ ಮಂಟಪ ಮುಳುಗಿತೆಂದರೆ ಜನ ಸೇತುವೆ ಮೇಲೆ ಹೋಗಿ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ಕ್ಯೂಸೆಕ್ ಲೆಕ್ಕಕ್ಕಿಂತ ಅದು ಬೇಗ ಅರ್ಥವಾಗುತ್ತದೆ.

2019ರ ಆಗಸ್ಟ್‌ನಲ್ಲಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತಲ್ಲ, ಆ ನೀರು ಎಲ್ಲೆಲ್ಲಿ ಎಷ್ಟು ನಿಂತಿತ್ತು ಎಂದು ಮನೆಮನೆಗೆ ಹೋಗಿ ಕೇಳಿದೆವು. ಒಂದು ಮನೆಯಲ್ಲಿ ನಡುಮನೆಯ ಗೋಡೆಗೆ ಮೊಳೆ ಹೊಡೆದಿದ್ದರು. ಸುಣ್ಣ ಎರಡು ಸಲ ಬಳಿದಿದ್ದರೂ ಮೊಳೆ ಹಾಗೇ ಇತ್ತು. "ಇಲ್ಲಿಯವರೆಗೆ" ಎಂದರು ಆ ಮನೆಯ ಅಕ್ಕ. ನನ್ನ ಎದೆಯ ಮಟ್ಟ. "ಹೊಳೆ ಕಡೆಯಿಂದ ಬರುತ್ತದೆ ಎಂದು ಬಾಗಿಲಿಗೆ ಮರಳಿನ ಚೀಲ ಇಟ್ಟೆವು. ಅದು ಬಂದದ್ದು ಬಚ್ಚಲಿನಿಂದ." ಹೊಳೆಯ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರಿದಾಗ ಚರಂಡಿ ಹಿಂದಕ್ಕೆ ಹರಿಯುತ್ತದೆ. ಆ ಬಾಯಿಗೆ ನೀರು ಹೊರಗೆ ಬಿಟ್ಟು ಒಳಗೆ ಬಿಡದ ಬಾಗಿಲು ಬೇಕು, ಮುಂಗಾರಿಗೆ ಮುಂಚೆ ಹೂಳು ತೆಗೆಯಬೇಕು. ನಮ್ಮ ಪಟ್ಟಿಯಲ್ಲಿ ಅದು ಸೌರ ಫಲಕಕ್ಕಿಂತ ಮೇಲೆ ಹೋಯಿತು. ಹೊಗೆ ಒಂದು ಕಿಲೋ ಕೂಡ ಇಳಿಯದ ಕೆಲಸ ಅದು ಎಂದು ಗೊತ್ತಿದ್ದೇ ಹಾಕಿದ್ದು.

ಎರಡೂ ಲೆಕ್ಕ ಕೂಡಿದ್ದು ಅಂಗನವಾಡಿಯಲ್ಲಿ. ಮಾಡಿಗೆ ಸೌರ ಫಲಕ ಹಾಕಿಸಿದಾಗ ಇನ್ವರ್ಟರ್ ಎಲ್ಲಿ ಕೂರಿಸಬೇಕು ಎಂದು ಎಲೆಕ್ಟ್ರಿಷಿಯನ್ ಕೇಳಿದ. ಕೈಗೆ ಸಿಗುವ ಎತ್ತರಕ್ಕೆ ಆಗಲೇ ತೂತು ಹಾಕಲು ಗುರುತು ಮಾಡಿದ್ದ. ಅವನನ್ನು ಪಕ್ಕದ ಬೀದಿಯ ಆ ಮನೆಗೆ ಕರೆದುಕೊಂಡು ಹೋಗಿ ಮೊಳೆ ತೋರಿಸಿದೆ. ಮರಳಿ ಬಂದು ಗುರುತು ಅಳಿಸಿದ, ಏಣಿ ತರಲು ಹೋದ.