ಬೀಪ್ ಅಂದ ತಕ್ಷಣ ಅಗೆಯಬೇಡಿ: ಇಂಗ್ಲೆಂಡಿಗೆ ಹೊರಟ ನಮ್ಮೂರವರಿಗೆ

ರಜೆಗೆ ಧಾರವಾಡಕ್ಕೆ ಬಂದಾಗಲೆಲ್ಲ ಇಂಗ್ಲೆಂಡಿಗೆ ಹೊರಟವರು ಒಬ್ಬರಾದರೂ ಮನೆಗೆ ಬರುತ್ತಾರೆ. ಕುಕ್ಕರ್ ಒಯ್ಯಬೇಕಾ, ಜೋಳದ ಹಿಟ್ಟು ಸಿಗುತ್ತದಾ, ಚಳಿ ಹೆಂಗ, ಇವು ಮಾಮೂಲಿ ಪ್ರಶ್ನೆ. ಈ ಸಲ ಗದಗಿನ ಹುಡುಗನೊಬ್ಬ ನನ್ನ ಫೋನಿನಲ್ಲಿ ಒಂದು ಫೋಟೋ ನೋಡಿದ. ಪೇಢೆಯ ಖಾಲಿ ಡಬ್ಬಿಯಲ್ಲಿ ಹಳೇ ನಾಣ್ಯ, ಗುಂಡಿ, ಒಂದು ಬೆಳ್ಳಿ ಕಾಲುಂಗುರ. 'ಕಾಕಾ, ಇವೆಲ್ಲ ನೆಲದಾಗ ಸಿಕ್ಕಿದ್ದಾ? ಮಷಿನ್ ಯಾವ್ದರೀ?' ಅಂದ. ಮಷಿನ್ ಅಂದರೆ ಮೆಟಲ್ ಡಿಟೆಕ್ಟರ್, ನೆಲದೊಳಗೆ ಲೋಹ ಇದ್ದರೆ ಬೀಪ್ ಅನ್ನುವ ಯಂತ್ರ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಷಿನ್ ಆಮೇಲೆ. ಅಲ್ಲಿ ಯಾರದ್ದೂ ಅಲ್ಲದ ನೆಲ ಅಂತ ಇಲ್ಲ, ಇದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ. ಬೇಲಿ ಇಲ್ಲದ ಪಾರ್ಕ್ ನೋಡಿದರೆ ನಮ್ಮ ಕೆಲಗೇರಿ ಕೆರೆ ದಂಡೆಯ ಹಾಗೆ ಯಾರು ಬೇಕಾದರೂ ಓಡಾಡಬಹುದು ಅನಿಸುತ್ತದೆ. ಓಡಾಡಬಹುದು, ಅಗೆಯುವ ಹಾಗಿಲ್ಲ. ಪಾರ್ಕ್ ಊರಿನ ಕೌನ್ಸಿಲ್ಲಿನದು. ಕೆಲವು ಕೌನ್ಸಿಲ್ ಬರಹದಲ್ಲಿ ಅನುಮತಿ ಕೊಡುತ್ತವೆ, ಬಹಳಷ್ಟು ಕೊಡುವುದಿಲ್ಲ. ನಾನು ಮೊದಲ ಭಾನುವಾರ ಯಾರನ್ನೂ ಕೇಳದೆ ಮನೆ ಹಿಂದಿನ ಪಾರ್ಕಿಗೆ ಹೋದೆ. ಎರಡು ಕುಳಿ ತೋಡಿದೆ, ಕೋಲಾ ಡಬ್ಬಿಯ ಕಿವಿ ಒಂದು, ಅಲ್ಯೂಮಿನಿಯಂ ಫಾಯಿಲ್‌ನ ತುಣುಕು ಒಂದು ಸಿಕ್ಕವು. ಅಷ್ಟರಲ್ಲಿ ಪಾರ್ಕಿನ ಕಾವಲುಗಾರ ಬಂದ. ಬೈಯಲಿಲ್ಲ. ಹುಲ್ಲಿನ ಹೆಂಟೆಯನ್ನು ಕುಳಿಯಲ್ಲಿ ಮೊದಲಿದ್ದಂತೆ ಕೂರಿಸಿ, ಕಾಲಲ್ಲಿ ಒತ್ತಿಸಿ, ಕುಳಿ ಗುರುತು ಸಿಗದ ಹಾಗೆ ಆಗುವ ತನಕ ನಿಂತು ನೋಡಿದ. ಬೈದಿದ್ದರೇ ಚಲೋ ಇತ್ತು.

ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಮಷಿನ್ ಆಡಿಸುವುದೇ 1979ರ ಕಾಯ್ದೆಯ ಪ್ರಕಾರ ಅಪರಾಧ, ಅಗೆಯಲೇಬೇಕು ಅಂತಿಲ್ಲ. ಲಂಡನ್ನಿನ ಥೇಮ್ಸ್ ದಂಡೆಗೆ ಬೇರೆ ಪರ್ಮಿಟ್ ಬೇಕು. ಹೊಲಗಳಿಗೆ ರೈತನ ಒಪ್ಪಿಗೆ ಬೇಕು, ಅದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಡಿಟೆಕ್ಟಿಂಗ್ ಸಂಘದ ಸದಸ್ಯರಾದರೆ ವಿಮೆ ಸಿಗುತ್ತದೆ, ರೈತರು ಅದನ್ನು ಕೇಳುತ್ತಾರೆ. ಮಳೆಯಲ್ಲಿ ಅಲ್ಲಿಯ ಜೇಡಿ ಹೊಲಕ್ಕೆ ಇಳಿದರೆ ನಮ್ಮ ಎರಿ ಹೊಲದ ನೆನಪಾಗುತ್ತದೆ, ಒಂದೊಂದು ಬೂಟಿಗೆ ಎರಡು ಕಿಲೋ ಮಣ್ಣು.

ಹೊಸಬರಿಗೆ ನನ್ನ ಸಲಹೆ ಸಮುದ್ರ ದಂಡೆ. ಕ್ರೌನ್ ಎಸ್ಟೇಟಿಗೆ (ಅಲ್ಲಿಯ ರಾಜಪದವಿಗೆ ಸೇರಿದ ಆಸ್ತಿ ನೋಡಿಕೊಳ್ಳುವ ಸಂಸ್ಥೆ) ಸೇರಿದ ದಂಡೆಯಲ್ಲಿ ಅವರ ಷರತ್ತು ಪಾಲಿಸಿದರೆ ಆಯಿತು. ಆದರೆ ಎಲ್ಲ ದಂಡೆಯೂ ಅವರದಲ್ಲ, ಕೌನ್ಸಿಲ್ಲಿನವು, ಖಾಸಗಿಯವು ಇವೆ, ವಿಚಾರಿಸಿ ಹೋಗಿ. ನಾವು ಸಮುದ್ರದ ಜನ ಅಲ್ಲ, ಹುಬ್ಬಳ್ಳಿಯವರಿಗೆ ನೀರು ಅಂದರೆ ಉಣಕಲ್ ಕೆರೆ. ಹಾಗಾಗಿ ಉಬ್ಬರ-ಇಳಿತದ ಪಟ್ಟಿ ನೋಡುವುದನ್ನು ಮೊದಲು ಕಲಿಯಿರಿ. ನೀರು ಪೂರ್ತಿ ಇಳಿಯುವುದಕ್ಕೆ ಎರಡು ತಾಸು ಮೊದಲು ಹೋಗಿ, ನೀರು ತಿರುಗಿದ ಕೂಡಲೇ ವಾಪಸು ಹೊರಡಿ. ದೊಡ್ಡ ಬಿರುಗಾಳಿಯ ಮರುದಿನ ಮೇಲಿನ ಮರಳು ಕೊಚ್ಚಿಹೋಗಿ ಕೆಳಗಿನ ಗಟ್ಟಿ ಪದರ ತೆರೆದುಕೊಂಡಿರುತ್ತದೆ, ಭಾರದ ಸಾಮಾನು ಸಿಗುವುದು ಅಲ್ಲಿ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಬಂಗಾರದ ಕಣ ಆರಿಸುತ್ತಿದ್ದ ಜಾಲಗಾರರೂ ಮಳೆಯ ನೀರು ಹೊತ್ತು ತಂದದ್ದನ್ನೇ ನಂಬಿದ್ದರು.

ಇನ್ನು ಮಷಿನ್. ಸಾದಾ ಮಷಿನ್ ಒಣ ಮರಳಿನಲ್ಲಿ ಸುಮ್ಮನಿರುತ್ತದೆ, ಹಸಿ ಮರಳಿಗೆ ಹೋದರೆ ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುವುದರಿಂದ ಸುಳ್ಳೇ ಕಿರುಚುತ್ತದೆ. ಬಹು ಫ್ರೀಕ್ವೆನ್ಸಿಯ ಮಷಿನ್ ಇದನ್ನು ತಡೆದುಕೊಳ್ಳುತ್ತದೆ, ಬೆಲೆ ಜಾಸ್ತಿ. ಮೊದಲ ವರ್ಷ ಸೆಕೆಂಡ್‌ಹ್ಯಾಂಡ್ ಸಾಕು. ಹೆಡ್‌ಫೋನ್ ಬೇಕೇ ಬೇಕು, ಸಣ್ಣ ದನಿ ಕೇಳಲಿಕ್ಕೆ, ಪಕ್ಕದವರ ನಿದ್ದೆ ಕೆಡದಿರಲಿಕ್ಕೆ. ಕಾಯಿಲನ್ನು, ಅಂದರೆ ಮಷಿನ್ನಿನ ತುದಿಯ ತಟ್ಟೆಯನ್ನು, ನೆಲಕ್ಕೆ ಸಮಾನಾಂತರವಾಗಿ, ಮನೆ ಸಾರಿಸಿದ ಹಾಗೆ ಒಂದರ ಮೇಲೊಂದು ಪಟ್ಟಿ ಬರುವಂತೆ ಆಡಿಸಿ. ಕಸಕ್ಕೆ ಬೇಸತ್ತು ಅಲ್ಯೂಮಿನಿಯಂ ಸದ್ದು ಬರದ ಹಾಗೆ ಸೆಟ್ಟಿಂಗ್ ಮಾಡಿದಿರೋ, ಬಂಗಾರದ ಉಂಗುರವೂ ಹೋಯಿತು. ಎರಡರ ಸಂಕೇತ ಹೆಚ್ಚುಕಡಿಮೆ ಒಂದೇ. 1947ಕ್ಕಿಂತ ಹಿಂದಿನ ಶಿಲ್ಲಿಂಗ್ ಸಿಕ್ಕರೆ ಖುಷಿಪಡಿ, ಅದರಲ್ಲಿ ಬೆಳ್ಳಿ ಇದೆ. ಬಾಂಬು, ಶೆಲ್ಲಿನಂಥ ಏನಾದರೂ ಕಂಡರೆ ಮುಟ್ಟಬೇಡಿ, ದೂರ ಸರಿದು 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಕೇಳಿ. ಮಹಾಯುದ್ಧದವು ಇನ್ನೂ ಸಿಗುತ್ತವೆ.

ಇಂಗ್ಲೆಂಡಿನಲ್ಲಿ 300 ವರ್ಷಕ್ಕಿಂತ ಹಳೆಯ, ಕನಿಷ್ಠ ಶೇ. 10ರಷ್ಟು ಬಂಗಾರ ಅಥವಾ ಬೆಳ್ಳಿ ಇರುವ ಒಡವೆ ಸಿಕ್ಕರೆ 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ 14 ದಿನದೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಒಂಟಿ ನಾಣ್ಯಕ್ಕೆ ಸಾಮಾನ್ಯವಾಗಿ ಇದಿಲ್ಲ, ಜೋಡಿ ಸಿಕ್ಕರೆ ಇದೆ. ಸ್ಕಾಟ್ಲೆಂಡಿನ ಕಾನೂನೇ ಬೇರೆ. ತಿಳಿಸಿದವರು ಕೆಡುವುದಿಲ್ಲ. 1992ರಲ್ಲಿ ಸಫೋಕ್‌ನ ಹಾಕ್ಸ್‌ನ್ ಊರಲ್ಲಿ ಎರಿಕ್ ಲಾಸ್ ಎಂಬುವರು ರೈತ ಗೆಳೆಯ ಕಳೆದುಕೊಂಡ ಸುತ್ತಿಗೆ ಹುಡುಕಲು ಹೋದರು. ಸಿಕ್ಕದ್ದು ರೋಮನ್ ಕಾಲದ ನಿಧಿ, ಹತ್ತಿರ ಹತ್ತಿರ 15,000 ನಾಣ್ಯ. ಪೂರ್ತಿ ಬಗೆಯದೆ ತಿಳಿಸಿದ್ದಕ್ಕೆ ಮರುದಿನ ಪುರಾತತ್ವದವರು ಬಂದು ಪದರ ಪದರವಾಗಿ ತೆಗೆದರು. ಬಹುಮಾನ 17.5 ಲಕ್ಷ ಪೌಂಡ್. ಸುತ್ತಿಗೆಯೂ ಸಿಕ್ಕಿತು, ಈಗ ಅದೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಮಷಿನ್ ಮಾತ್ರ ಊರಿಗೆ ತರಬೇಡಿ. ನಾನು ತಂದಿದ್ದೆ. ಸೋದರಮಾವನ ಹೊಲ ಲಕ್ಕುಂಡಿ ಹತ್ತಿರ. ಲೊಕ್ಕಿ ಗದ್ಯಾಣ ಅನ್ನುವ ಹಳೇ ಬಂಗಾರದ ನಾಣ್ಯ ಟಂಕಿಸಿದ ಊರು, ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಊರು. ಅಲ್ಲಿ ಬೀಪ್ ಅಂದರೆ ಜನ ಸುಮ್ಮನಿರುತ್ತಾರಾ? ಮಾವನಿಗೆ ತೋರಿಸಲೆಂದು ಬದುವಿನ ಮೇಲೆ ಹತ್ತೇ ನಿಮಿಷ ಆಡಿಸಿದೆ. ಮಣ್ಣಿನ ಮೇಲೇ ಬಿದ್ದಿದ್ದ ಎತ್ತಿನ ಲಾಳಕ್ಕೆ ಅದು ಕೂಗಿತು. ಅಷ್ಟರಲ್ಲಿ ಬದುವಿನ ತುಂಬ ಜನ. 'ಫಾರಿನ್ನಿಂದ ನಿಧಿ ತಗ್ಯಾಕ ಬಂದಾರ' ಅಂತ ಸುದ್ದಿ ಹಬ್ಬಿತು. ಬೆಳಗಾಗುವಷ್ಟರಲ್ಲಿ ಯಾರೋ ರಾತ್ರಿ ಬಂದು ಹೂವಾಡುತ್ತಿದ್ದ ಕಡಲೆ ಹೊಲದಲ್ಲಿ ಹನ್ನೊಂದು ತಗ್ಗು ತೋಡಿದ್ದರು. ಮಾವ ಒಂದೊಂದನ್ನೂ ಎಣಿಸಿ, 'ನೀ ಒಂದೂ ತೋಡಲಿಲ್ಲ ನೋಡು ಅಳಿಯಾ, ಖರೆ' ಅಂದರು. ಹನ್ನೊಂದನ್ನೂ ನಾನೇ ಮುಚ್ಚಿದೆ, ಆ ಪಾರ್ಕಿನಲ್ಲಿ ಕಲಿತ ಹಾಗೆ ಕಾಲಲ್ಲಿ ಒತ್ತಿ. ನಮ್ಮಲ್ಲೂ ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು, ಅದು ಬೇರೆ ಮಾತು. ಕಡಲೆ ಹೋದದ್ದು ಹೋಯಿತು.

ಗದಗಿನ ಹುಡುಗ ಕೊನೆಗೆ ಕೇಳಿದ್ದು, 'ಬಂಗಾರ ಎಷ್ಟ್ ಸಿಕ್ಕೈತಿ ಕಾಕಾ?' ಹನ್ನೆರಡು ವರ್ಷದಲ್ಲಿ ಒಂದೇ ಉಂಗುರ, ಕಳೆದುಕೊಂಡವರೇ ಕರೆದು ಹುಡುಕಿಸಿಕೊಂಡದ್ದು, ಅವರಿಗೇ ಹೋಯಿತು. ಡಬ್ಬಿಯಲ್ಲಿರುವ ಕಾಲುಂಗುರ ಮಾರ್ಗೇಟ್ ದಂಡೆಯಲ್ಲಿ ಸಿಕ್ಕದ್ದು. ವಾರಸುದಾರರು ಇನ್ನೂ ಬಂದಿಲ್ಲ. ಬೂಟು ಬಿಚ್ಚಿ ನೀರಿಗಿಳಿದ ನಮ್ಮವರದ್ದೇ ಇರಬೇಕು. ಮೇಲೆ ಏನು ಕೆತ್ತಿದೆ ಅಂತ ಸರಿಯಾಗಿ ಹೇಳಿದವರಿಗೆ ಕೊಡುತ್ತೇನೆ.