ಆಕ್ಟಿವ್ ಪ್ರೋಬ್‌ನಲ್ಲಿ ರಿಂಗಿಂಗ್ ಬರ್ತಿತ್ತು, ಹೀಗೆ ಸರಿಯಾಯ್ತು

ಪೀಣ್ಯದ ನಮ್ಮ ಲ್ಯಾಬಲ್ಲಿ ಒಂದು ಬೋರ್ಡ್‌ನ ಕ್ಲಾಕ್ ಸಿಗ್ನಲ್‌ನ ಆಸಿಲೋಸ್ಕೋಪಲ್ಲಿ ಆಕ್ಟಿವ್ ಪ್ರೋಬ್ (ತುದಿ ಹತ್ರಾನೇ ಆಂಪ್ಲಿಫೈಯರ್ ಇರೋ ಪ್ರೋಬ್) ಹಾಕಿ ನೋಡ್ತಿದ್ವಿ, ಸಿಗ್ನಲ್ ಏರೋ-ಇಳಿಯೋ ಪ್ರತಿ ಎಡ್ಜ್ ಮೇಲೂ ಜೋರು ರಿಂಗಿಂಗ್, ಅಂದ್ರೆ ಅಲೆ ಅಲೆಯಾಗಿ ಅಲುಗಾಟ, ಎಲ್ರಿಗೂ ಬೋರ್ಡ್ ಲೇಔಟ್ ಮೇಲೇ ಅನುಮಾನ. ಪ್ರೋಬ್‌ನ ಗ್ರೌಂಡ್ ವೈರ್‌ನ ಬೆರಳಲ್ಲಿ ಸ್ವಲ್ಪ ಸರಿಸಿದೆ ನೋಡಿ, ಸ್ಕ್ರೀನ್ ಮೇಲಿನ ಅಲೆನೂ ಬದಲಾಯ್ತು, ಅಲ್ಲಿಗೆ ತೊಂದ್ರೆ ಬೋರ್ಡ್‌ದಲ್ಲ ಅಂತ ಗೊತ್ತಾಯ್ತು. ಪ್ರೋಬ್ ಇನ್‌ಪುಟ್ ಕೆಪಾಸಿಟೆನ್ಸ್ ಬರೀ 1 ಪಿಕೋಫ್ಯಾರಡ್ ಇದ್ರೂ ವೈರು ಮಿಲಿಮೀಟರಿಗೆ ಹತ್ತತ್ರ 1 ನ್ಯಾನೋಹೆನ್ರಿ ಇಂಡಕ್ಟೆನ್ಸ್ ಸೇರಿಸತ್ತೆ, 15 ಸೆಂಟಿಮೀಟರ್ ವೈರ್ ಅಂದ್ರೆ ಇವೆರಡೂ ಸೇರಿ 400 ಮೆಗಾಹರ್ಟ್ಸ್ ಆಸುಪಾಸಲ್ಲೇ ರೆಸೊನೆನ್ಸ್ (ತಾನಾಗೇ ಕಂಪಿಸೋದು), ಅಷ್ಟು ದುಬಾರಿ ಪ್ರೋಬ್‌ನ ಬ್ಯಾಂಡ್‌ವಿಡ್ತ್ ಎಲ್ಲಾ ವೇಸ್ಟು. ವೈರ್ ತೆಗೆದು ಚಿಕ್ಕ ಗ್ರೌಂಡ್ ಸ್ಪ್ರಿಂಗ್ ಹಾಕಿ ಸಿಗ್ನಲ್ ಪಕ್ಕದ ಗ್ರೌಂಡ್ ವಯಾಗೇ (ಬೋರ್ಡ್‌ನ ಪದರಗಳನ್ನ ಸೇರಿಸೋ ಲೋಹದ ತೂತು) ಒತ್ತಿ ಹಿಡಿದೆ, ಎಡ್ಜ್ ನೀಟಾಗಿ ಬಂತು.

ಇನ್ನೊಂದು, ಟಿಪ್ ಹತ್ರ ಇರೋ ಆಂಪ್ಲಿಫೈಯರ್ ಸ್ಟ್ಯಾಟಿಕ್‌ಗೆ ಸುಲಭವಾಗಿ ಹೋಗ್ಬಿಡತ್ತೆ, ಅದ್ರಲ್ಲೂ ನಮ್ಮೂರಿನ ಫೆಬ್ರವರಿ-ಮಾರ್ಚ್ ಒಣಹವೆಲಿ ರಿಸ್ಟ್ ಸ್ಟ್ರಾಪ್ (ಮೈಯಲ್ಲಿರೋ ಸ್ಟ್ಯಾಟಿಕ್‌ನ ಗ್ರೌಂಡ್‌ಗೆ ಇಳಿಸೋ ಕೈಪಟ್ಟಿ) ಹಾಕ್ದೆ ದಯವಿಟ್ಟು ಮುಟ್ಟಬೇಡಿ.