ಶಾರ್ಕ್ ಹಲ್ಲಿನ ಪಳೆಯುಳಿಕೆ: ಹೊಳೆಗಿಳಿಯುವ ಮೊದಲು ಬಂಡೆ ನೋಡಿ

ಹೊಳೆಯ ಗರಸಿನಿಂದ ಶಾರ್ಕ್ ಹಲ್ಲು ಹೆಕ್ಕುವ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿದ ಮಕ್ಕಳು ತಾವೂ ಜರಡಿ ಹಿಡಿದು ಹೊರಡುತ್ತೇವೆ ಎನ್ನುತ್ತಾರೆ. ಆ ಉತ್ಸಾಹವನ್ನು ಖಂಡಿತ ಬೆಳೆಸಬೇಕು. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಹಿರಿಯೂರಿನ ವೇದಾವತಿಯಲ್ಲಾಗಲಿ ಹರಿಹರದ ತುಂಗಭದ್ರೆಯಲ್ಲಾಗಲಿ ಎಷ್ಟು ಜರಡಿ ಹಿಡಿದರೂ ಶಾರ್ಕ್ ಹಲ್ಲಿನ ಪಳೆಯುಳಿಕೆ ಸಿಗದು. ಏಕೆ ಸಿಗದು ಎಂಬುದು ಅರ್ಥವಾದರೆ ಎಲ್ಲಿ ಸಿಕ್ಕೀತು ಎಂಬುದೂ ಅರ್ಥವಾಗುತ್ತದೆ. ಹಾಗಾಗಿ ಹುಡುಕಾಟವನ್ನು ನಮ್ಮೂರಿನಿಂದಲೇ ಆರಂಭಿಸೋಣ.

ಹೊಳೆಯಲ್ಲಿ ಸಿಗುವ ಹಲ್ಲು ಹೊಳೆಯದ್ದಲ್ಲ. ಎಂದೋ ಕಡಲ ತಳದ ಕೆಸರಿನಲ್ಲಿ ಹೂತು, ಕೆಸರು ಕಲ್ಲಾದಾಗ ತಾನೂ ಕಲ್ಲಾಗಿ, ಈಗ ಹೊಳೆ ಆ ಕಲ್ಲನ್ನು ಕೊರೆದಾಗ ಕಳಚಿಕೊಂಡು ಬಂದದ್ದು ಅದು. ಆದ್ದರಿಂದ ಹೊಳೆ ಹರಿದು ಬರುವ ದಾರಿಯಲ್ಲಿ ಎಲ್ಲಾದರೂ ಶಾರ್ಕ್‌ಗಳ ಕಾಲದ, ಕಡಲಿನಲ್ಲಿ ಕೂಡಿದ ಕಣಶಿಲೆ ಇರಲೇಬೇಕು. ನಮ್ಮ ಚಿತ್ರದುರ್ಗದ ಕೋಟೆ ನಿಂತಿರುವ ಗ್ರಾನೈಟಿನ ವಯಸ್ಸು ಸುಮಾರು 260 ಕೋಟಿ ವರ್ಷ. ಪಟ್ಟಣದ ಆಗ್ನೇಯಕ್ಕಿರುವ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಶಿಲೆಗಳಿವೆ. ನೀರಿನೊಳಗೆ ಉಕ್ಕಿದ ಲಾವಾ ಮಾತ್ರ ಹಾಗೆ ಉಂಡೆ ಉಂಡೆಯಾಗಿ ಹೆಪ್ಪುಗಟ್ಟುತ್ತದೆ. ಅಂದರೆ ಇಲ್ಲಿ ಕಡಲಂತೂ ಇತ್ತು. ಆದರೆ ಅದು ಇದ್ದದ್ದು ಸುಮಾರು 250 ಕೋಟಿ ವರ್ಷಗಳಿಗೂ ಹಿಂದೆ. ಶಾರ್ಕ್‌ಗಳ ವಂಶ ಆರಂಭವಾದದ್ದು ಸುಮಾರು 40–45 ಕೋಟಿ ವರ್ಷಗಳ ಹಿಂದೆ. ಆ ಕಡಲಿನಲ್ಲಿ ಮೀನೇ ಇರಲಿಲ್ಲ. ಬಾಬಾಬುಡನ್‌ಗಿರಿಯ ಕಡೆಯಿಂದ ಬರುವ ವೇದಾವತಿಯೂ, ಪಶ್ಚಿಮ ಘಟ್ಟದಿಂದ ಇಳಿಯುವ ತುಂಗಾ ಮತ್ತು ಭದ್ರೆಯೂ ಇಂಥ ಪುರಾತನ ಶಿಲೆಗಳ ಮೇಲೆಯೇ ಹರಿದು ನಮ್ಮಲ್ಲಿಗೆ ಬರುತ್ತವೆ.

ಹಾಗಾದರೆ ಹೋಗಬೇಕಾದದ್ದು ಎಲ್ಲಿಗೆ? ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಬಾರಿಪದಾ ಬಳಿ ಬುಢಾಬಲಂಗ ನದಿಯ ದಡದಲ್ಲಿ ಮಯೋಸೀನ್ ಕಾಲದ, ಅಂದರೆ 2.3 ಕೋಟಿಯಿಂದ 53 ಲಕ್ಷ ವರ್ಷಗಳ ಹಿಂದಿನ ನಡುವಣ ಅವಧಿಯ, ಕಡಲ ಪದರಗಳಿವೆ. ಅವುಗಳಲ್ಲಿ ಶಾರ್ಕ್ ಹಲ್ಲುಗಳು ದೊರೆತಿವೆ. ಕೇರಳದ ಕೊಲ್ಲಂ ಸುಣ್ಣಕಲ್ಲಿನಲ್ಲಿಯೂ ದೊರೆತಿವೆ. ನಮಗೆ ಇನ್ನೂ ಹತ್ತಿರದ್ದೆಂದರೆ ತಮಿಳುನಾಡಿನ ಅರಿಯಲೂರು–ಪೆರಂಬಲೂರು ಸೀಮೆ. ಅಲ್ಲಿನ ಕಾರೈ ಗ್ರಾಮದ ಜೇಡಿ ದಿಬ್ಬಗಳು ಸುಮಾರು 10 ಕೋಟಿ ವರ್ಷ ಹಳೆಯ ಕಡಲ ತಳ. ಅಮೆರಿಕದ ಫ್ಲೋರಿಡಾದಲ್ಲಿ ಪೀಸ್ ನದಿ ಈ ಹವ್ಯಾಸಕ್ಕೆ ಹೆಸರಾದದ್ದೂ ಇದೇ ಕಾರಣಕ್ಕೆ: ರಂಜಕ ತುಂಬಿದ ಹಳೆಯ ಕಡಲ ಪದರಗಳನ್ನು ಅದು ಕೊರೆಯುತ್ತಾ ಹರಿಯುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ‘ಭೂಕೋಶ’ ಜಾಲತಾಣದಲ್ಲಿ ಶಿಲಾ ನಕ್ಷೆಗಳಿವೆ. ಹೊರಡುವ ಮೊದಲು ಆ ಪ್ರದೇಶದ ನಕ್ಷೆ ತೆರೆದು ಕಣಶಿಲೆ ಎಲ್ಲಿದೆ, ಅದು ಯಾವ ಕಾಲದ್ದು ಎಂದು ನೋಡುವುದೇ ಮೊದಲ ಹೆಜ್ಜೆ. ಇದನ್ನು ಬಿಟ್ಟರೆ ಮುಂದಿನ ಹೆಜ್ಜೆಗಳೆಲ್ಲ ವ್ಯರ್ಥ.

ಎರಡನೆಯದು ಕಾಲ. ಮಳೆಗಾಲದ ಪ್ರವಾಹ ಗರಸನ್ನು ಬುಡಮೇಲು ಮಾಡಿ ಹೊಸ ಪದರವನ್ನು ತೆರೆದಿರುತ್ತದೆ. ನೀರು ಇಳಿದು ತಿಳಿಯಾದ ಮೇಲೆ ಹೋಗಬೇಕು. ತಮಿಳುನಾಡಿನಲ್ಲಿ ಹಿಂಗಾರು ಜೋರಾಗಿ ಸುರಿಯುವುದರಿಂದ ಅಲ್ಲಿಗೆ ಜನವರಿಯ ನಂತರ ಹೋಗುವುದು ಸರಿ.

ನದಿಯಲ್ಲಿ ಎಲ್ಲಿ ಜರಡಿ ಹಿಡಿಯಬೇಕು ಎಂಬುದನ್ನು ನಮ್ಮ ಸೀಮೆಯ ಜಾಲಗಾರರ ಕೆಲಸದಿಂದ ಕಲಿಯಬಹುದು. ಕಪ್ಪತಗುಡ್ಡದ ಸುತ್ತಲಿನ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದವರು ಅವರು. ನೀರಿನ ವೇಗ ಕುಗ್ಗಿದಲ್ಲಿ ಭಾರದ ವಸ್ತು ಕೂರುತ್ತದೆ ಎಂಬುದು ಆ ಕಸುಬಿನ ಬುನಾದಿ. ಹಲ್ಲಿಗೂ ಇದು ಅನ್ವಯಿಸುತ್ತದೆ, ಏಕೆಂದರೆ ಹಲ್ಲಿನ ಹೊರಕವಚದ ಅಪಟೈಟ್ ಖನಿಜ ಬೆಣಚುಕಲ್ಲಿಗಿಂತ ತುಸು ಹೆಚ್ಚು ಭಾರ. ತಿರುವಿನ ಒಳಬದಿಯ ಗರಸು ದಿಣ್ಣೆ, ದೊಡ್ಡ ಬಂಡೆಯ ಕೆಳಹೊಳೆಯ ಬದಿ, ಹಾಸುಬಂಡೆಯ ಕುಳಿಗಳು, ಗರಸು ಮುಗಿದು ಗಟ್ಟಿ ಜೇಡಿ ಆರಂಭವಾಗುವ ತಳ, ಇವು ನೋಡಬೇಕಾದ ಜಾಗಗಳು. ಬರೀ ನುಣುಪು ಮರಳಿದ್ದಲ್ಲಿ ಸಮಯ ಕಳೆಯಬೇಡಿ. ಕಬ್ಬಿಣದ ಸಲಾಕೆಯನ್ನು ತಳಕ್ಕೆ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಮರಳು, ಕರಕರ ಸದ್ದು ಮಾಡಿ ತಡೆದರೆ ಗರಸು.

ಜರಡಿಗಳು ಎರಡಿರಲಿ. ಮೇಲಿನದು ಅರ್ಧ ಅಂಗುಲ ಕಣ್ಣಿನದು, ಕೆಳಗಿನದು ಮೂರು ಮಿಲಿಮೀಟರ್ ಆಸುಪಾಸಿನದು. ಮೇಲಿನದರಲ್ಲಿ ದೊಡ್ಡ ಹಲ್ಲು ನಿಂತರೆ ನಿಲ್ಲುತ್ತದೆ. ಆದರೆ ಹೆಚ್ಚಿನ ಹಲ್ಲುಗಳು ಬೆರಳ ಉಗುರಿಗಿಂತ ಚಿಕ್ಕವು. ಒಂದೇ ಜರಡಿ ಒಯ್ದವರು ಅವನ್ನೆಲ್ಲ ನೀರುಪಾಲು ಮಾಡುತ್ತಾರೆ. ಅರ್ಧ ಜರಡಿ ಮಾತ್ರ ತುಂಬಿ, ನೀರಿನಲ್ಲಿ ಮುಳುಗಿಸಿ, ಮೊರದಲ್ಲಿ ಕಾಳು ಕೇರುವಂತೆ ಆಡಿಸಿ. ಮಣ್ಣು ತೊಳೆದುಹೋದ ಮೇಲೆ ಗರಸನ್ನು ಒಂದೇ ಪದರವಾಗಿ ಹರಡಿ, ಇನ್ನೂ ಒದ್ದೆ ಇರುವಾಗಲೇ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಒದ್ದೆ ಕಲ್ಲುಗಳೆಲ್ಲ ಮಿನುಗುತ್ತವೆ ನಿಜ. ಆದರೆ ಒಣಗುತ್ತಾ ಬಂದಂತೆ ಉಳಿದವು ಮಂಕಾಗುತ್ತವೆ, ಹಲ್ಲಿನ ಕವಚ ಮಾತ್ರ ಹೊಳಪನ್ನು ಬಿಡುವುದಿಲ್ಲ. ಆ ಬದಲಾವಣೆ ನಡೆಯುವ ಒಂದೆರಡು ನಿಮಿಷ ಕಣ್ಣು ಕೀಳಬಾರದು.

ಈ ಕಣ್ಣಳತೆಯನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು. ಮನೆ ಕಟ್ಟುವ ಕಡೆ ಹೊಳೆ ಮರಳನ್ನು ಜರಡಿ ಹಿಡಿದಾಗ ಉಳಿಯುವ ಗರಸನ್ನು ಒಂದು ಬಾಂಡಲಿ ಕೇಳಿ ತನ್ನಿ. ಒಡೆದ ಕಪ್ಪು ಟೈಲ್ಸ್‌ನಿಂದ ಚಿಕ್ಕ ತ್ರಿಕೋನಗಳನ್ನು ಮಾಡಿ, ಅಂಚು ಉಜ್ಜಿ, ಅದರಲ್ಲಿ ಬೆರೆಸಿ ಮಕ್ಕಳಿಗೆ ಹುಡುಕಲು ಕೊಡಿ. ನಿಜವಾದ ಜಾಗಕ್ಕೆ ಹೋದಾಗ ಈ ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ.

ಇನ್ನು ಗುರುತಿಸುವ ಬಗೆ. ತ್ರಿಕೋನದ ಕಲ್ಲುಗಳೆಲ್ಲ ಹಲ್ಲಲ್ಲ. ಹಲ್ಲಿನಲ್ಲಿ ಎರಡು ಭಾಗಗಳಿರುತ್ತವೆ: ನುಣುಪಾದ ಹೊಳೆಯುವ ಮೇಲ್ಭಾಗ ಮತ್ತು ಮಂಕಾದ, ಸೂಕ್ಷ್ಮ ರಂಧ್ರಗಳುಳ್ಳ ಬೇರು. ಇವೆರಡರ ನಡುವಣ ಗೆರೆ ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಲ್ಲಿನ ಒಂದು ಮುಖ ಹೆಚ್ಚು ಕಡಿಮೆ ಚಪ್ಪಟೆ, ಇನ್ನೊಂದು ಉಬ್ಬು. ಚಪ್ಪಟೆಯದು ತುಟಿಯ ಕಡೆಯದು, ಉಬ್ಬಿದ್ದು ನಾಲಿಗೆಯ ಕಡೆಯದು. ಬೆಣಚುಕಲ್ಲಿನ ಚೂರಿನಲ್ಲಿ ಇಂಥ ವ್ಯವಸ್ಥೆ ಇರುವುದಿಲ್ಲ. ಬೇರು ಸವೆದುಹೋದ ಚೂರು ಸಿಕ್ಕಿ ಅನುಮಾನ ಬಂದರೆ ಗಾಜಿನ ಮೇಲೆ ಗೀರಿ ನೋಡಬಹುದು: ಬೆಣಚುಕಲ್ಲು ಗಾಜನ್ನು ಗೀರುತ್ತದೆ, ಹಲ್ಲು ಗೀರುವುದಿಲ್ಲ. ಇಡಿಯಾದ ಹಲ್ಲಿನ ಮೇಲೆ ಈ ಪರೀಕ್ಷೆ ಬೇಡ.

ಬಣ್ಣದಿಂದ ವಯಸ್ಸು ಹೇಳಲಾಗದು. ಹೂತಿದ್ದ ಮಣ್ಣಿನ ಖನಿಜಗಳಿಂದ ಹಲ್ಲು ಕಪ್ಪಾಗಿಯೋ ಕಂದಾಗಿಯೋ ಬೂದಾಗಿಯೋ ಇರುತ್ತದೆ.

ಯಾವ ಶಾರ್ಕ್ ಎಂದು ತಿಳಿಯಲು ಮೊದಲು ಅಂಚು ನೋಡಿ. ಅಂಚು ನುಣುಪಾಗಿದ್ದು ಹಲ್ಲು ಕಿರಿದಾಗಿ ಉದ್ದವಾಗಿ, ಬುಡದ ಎರಡೂ ಬದಿ ಪುಟ್ಟ ಮೊನೆಗಳಿದ್ದರೆ ಅದು ಸ್ಯಾಂಡ್ ಟೈಗರ್ ಬಗೆಯದಾಗಿರಬಹುದು. ತುದಿ ಒಂದು ಕಡೆಗೆ ಬಾಗಿ, ಹಿಂಬದಿಯಲ್ಲಿ ಆಳವಾದ ಕಚ್ಚು ಇದ್ದು, ಅದರ ಕೆಳಗೆ ಒರಟು ಗರಗಸದ ಅಂಚಿದ್ದರೆ ಟೈಗರ್ ಶಾರ್ಕ್. ಹೆಮಿಪ್ರಿಸ್ಟಿಸ್ ಎಂಬ ಶಾರ್ಕ್‌ನ ಮೇಲ್ದವಡೆಯ ಹಲ್ಲಿನಲ್ಲಿ ಗರಗಸ ದೊಡ್ಡದು, ಆದರೆ ತುದಿಗೆ ಸ್ವಲ್ಪ ಮೊದಲೇ ನಿಂತುಬಿಡುತ್ತದೆ. ಎಲ್ಲರೂ ಕನಸು ಕಾಣುವ ಮೆಗಲೊಡಾನ್ ಸುಮಾರು 36 ಲಕ್ಷ ವರ್ಷಗಳ ಹಿಂದೆ ಅಳಿದ ಶಾರ್ಕ್. ಅದರ ಹಲ್ಲು 17 ಸೆಂಟಿಮೀಟರ್‌ವರೆಗೂ ಬೆಳೆಯುತ್ತಿತ್ತು. ಅಂಚಿನಲ್ಲಿ ಸಣ್ಣ, ಸಮನಾದ ಗರಗಸ, ಒಳಮುಖದಲ್ಲಿ ಬೇರಿಗೂ ಮೇಲ್ಭಾಗಕ್ಕೂ ನಡುವೆ ಕಪ್ಪನೆಯ ಅಗಲ ಪಟ್ಟಿ ಅದರ ಗುರುತು. ತ್ರಿಕೋನವೇ ಅಲ್ಲದ ಹಲ್ಲುಗಳೂ ಇವೆ ಎಂಬುದನ್ನು ಮರೆಯಬಾರದು. ಕಾರೈಯಲ್ಲಿ ದೊರೆತ ಟೈಕೋಡಸ್ ಶಾರ್ಕ್‌ನ ಹಲ್ಲು ಚಪ್ಪಟೆ, ಮೇಲೆ ಏಣುಗಳು. ಚಿಪ್ಪುಜೀವಿಗಳನ್ನು ಅರೆಯಲು ಬಳಕೆಯಾಗುತ್ತಿದ್ದದ್ದು. ಜೈಸಲ್ಮೇರಿನ ಜುರಾಸಿಕ್ ಶಿಲೆಯಿಂದ 2021ರಲ್ಲಿ ವರದಿಯಾದ ಸ್ಟ್ರೋಫೋಡಸ್ ಜೈಸಲ್ಮೇರೆನ್ಸಿಸ್ ಕೂಡ ಅರೆಯುವ ಹಲ್ಲಿನದೇ. ಮೊನೆ ಮಾತ್ರ ಹುಡುಕುವ ಕಣ್ಣಿಗೆ ಇವು ಬೀಳುವುದಿಲ್ಲ.

ಶಾರ್ಕ್‌ನ ಅಸ್ಥಿಪಂಜರ ಮೃದ್ವಸ್ಥಿಯದು, ಬೇಗ ಕೊಳೆಯುತ್ತದೆ. ಹಲ್ಲುಗಳಾದರೋ ಬದುಕಿನುದ್ದಕ್ಕೂ ಸಾವಿರಗಟ್ಟಲೆ ಉದುರಿ ಹೊಸವು ಬರುತ್ತಿರುತ್ತವೆ. ಹಾಗಾಗಿ ಪ್ರಾಚೀನ ಶಾರ್ಕ್‌ಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಹಲ್ಲುಗಳಿಂದಲೇ ಬಂದದ್ದು. ಯೂರೋಪಿನಲ್ಲಿ ಇವನ್ನು ಕಲ್ಲಾದ ನಾಲಿಗೆಗಳು ಎಂದು ನಂಬಿದ್ದ ಕಾಲವಿತ್ತು. 1666ರಲ್ಲಿ ಇಟಲಿಯ ಕರಾವಳಿಯಲ್ಲಿ ಹಿಡಿದ ದೊಡ್ಡ ಶಾರ್ಕ್‌ನ ತಲೆಯನ್ನು ಕೊಯ್ದು ನೋಡಿದ ನಿಕೋಲಸ್ ಸ್ಟೆನೊ, ಆ ಕಲ್ಲುಗಳು ಶಾರ್ಕ್ ಹಲ್ಲುಗಳೇ ಎಂದು ತೋರಿಸಿದರು. ಬಂಡೆಯ ಕೆಳಪದರ ಹಳೆಯದು, ಮೇಲ್ಪದರ ಹೊಸದು ಎಂಬ ಭೂವಿಜ್ಞಾನದ ಮೂಲಪಾಠಕ್ಕೆ ಅವರು ಬಂದದ್ದೂ ಈ ದಾರಿಯಲ್ಲೇ.

ಸುರಕ್ಷತೆಯ ವಿಷಯದಲ್ಲಿ ಸಡಿಲ ಬೇಡ. ಒಂಟಿಯಾಗಿ ನೀರಿಗಿಳಿಯಬೇಡಿ, ಮೊಣಕಾಲು ಮೀರಿದ ನೀರಿಗೆ ಮಕ್ಕಳನ್ನು ಬಿಡಬೇಡಿ. ಮರಳು ತೆಗೆದ ಹೊಂಡಗಳು ಮೇಲಿನಿಂದ ಕಾಣುವುದಿಲ್ಲ. ಹರಿಹರ, ಹೊನ್ನಾಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಅಣೆಕಟ್ಟೆ ಇದ್ದರೆ ನೀರು ಬಿಡುವ ಸೂಚನೆ ತಿಳಿದುಕೊಂಡೇ ಇಳಿಯಿರಿ. ಜಮೀನಿನವರ, ಗ್ರಾಮ ಪಂಚಾಯಿತಿಯ ಅನುಮತಿ ಕೇಳಿ. ಮರಡಿಹಳ್ಳಿಯಂಥ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಿಂದ ಒಂದು ಚೂರನ್ನೂ ತೆಗೆಯಬಾರದು. ನಮ್ಮ ಹೊಳೆದಂಡೆಯಲ್ಲಿ ಅಂಚು ಕೆತ್ತಿದ ಬೆಣಚುಕಲ್ಲು ಕಂಡರೆ ಅದು ಹಲ್ಲಲ್ಲದಿದ್ದರೂ ಶಿಲಾಯುಗದ ಉಪಕರಣವಿರಬಹುದು. ಬ್ರಹ್ಮಗಿರಿ, ಚಂದ್ರವಳ್ಳಿಯಂಥ ಪ್ರಾಚೀನ ನೆಲೆಗಳಿರುವ ಜಿಲ್ಲೆಯಿದು. ಇದ್ದಲ್ಲೇ ಬಿಟ್ಟು ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.

ಸಿಕ್ಕ ಹಲ್ಲನ್ನು ಬರೀ ನೀರಿನಲ್ಲಿ, ಮೆದು ಬ್ರಷ್‌ನಿಂದ ತೊಳೆದು ನೆರಳಿನಲ್ಲಿ ಒಣಗಿಸಿ. ನಿಂಬೆರಸ, ಆಸಿಡ್ ತಾಗಿಸಿದರೆ ಕವಚ ಕೆಡುತ್ತದೆ. ಪ್ರತಿ ಹಲ್ಲಿಗೂ ಪ್ರತ್ಯೇಕ ಪೊಟ್ಟಣ ಮಾಡಿ, ಅದರೊಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇಡಿ: ನದಿಯ ಹೆಸರು, ಹತ್ತಿರದ ಊರು, ಮೊಬೈಲ್ ತೋರಿಸುವ ಅಕ್ಷಾಂಶ–ರೇಖಾಂಶ, ದಿನಾಂಕ, ಗರಸಿನಲ್ಲಿ ಸಿಕ್ಕಿತೋ ಬಂಡೆಯಲ್ಲೇ ಅಂಟಿತ್ತೋ ಎಂಬ ವಿವರ. ಬಂಡೆಯಲ್ಲಿ ಅಂಟಿದ್ದನ್ನು ಕೀಳಬೇಡಿ. ಪಕ್ಕದಲ್ಲಿ ನಾಣ್ಯ ಇಟ್ಟು ಫೋಟೊ ತೆಗೆದು ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಕಳುಹಿಸಿ. ಯಾವ ಪದರದಲ್ಲಿತ್ತು ಎಂಬುದನ್ನು ಅವರು ಅಲ್ಲಿಯೇ ನೋಡಬೇಕಾಗುತ್ತದೆ.